ಅಮ್ಮನ ಆರ್‌ಎಗೆ ಬಯಾಲಜಿಕ್ ಇಂಜೆಕ್ಷನ್ ಅಂತಿದ್ದಾರೆ, ಟಿಬಿ ಟೆಸ್ಟ್ ಪಾಸಿಟಿವ್ ಬಂದಿದೆ. ಶ್ವಾಸಕೋಶಕ್ಕೆ ಅಪಾಯ ಎಷ್ಟು?

ತರೀಕೆರೆ_ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 57 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್ (ಆರ್‌ಎ, ಕೀಲು ಊದುವ ಕಾಯಿಲೆ) ಶುರುವಾಗಿ ಹತ್ತು ವರ್ಷದ ಮೇಲಾಯಿತು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ 20 ಮಿ.ಗ್ರಾಂ, ಜೊತೆಗೆ ಲೆಫ್ಲುನೊಮೈಡ್, ಆಮೇಲೆ ದಿನಾ ಬೆಳಗ್ಗೆ ಪ್ರೆಡ್ನಿಸೊಲೋನ್ 10 ಮಿ.ಗ್ರಾಂ. ಈ ಸ್ಟೀರಾಯ್ಡ್ ಮೊದಲು ಸ್ವಲ್ಪ ದಿನಕ್ಕೆ ಅಂತ ಕೊಟ್ಟಿದ್ದು. ಆದರೆ ಕಡಿಮೆ ಮಾಡಿದಾಗೆಲ್ಲ ಬೆರಳು, ಮಣಿಕಟ್ಟು ಊದಿಕೊಂಡು ಬಾಗಿಲ ಚಿಲಕ ತೆಗೆಯಲೂ ಆಗದ ಸ್ಥಿತಿ ಬರುತ್ತದೆ, ಹಾಗಾಗಿ ಅದು ನಿಂತೇ ಇಲ್ಲ.

ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದ್ದೆವು. ಆಕ್ಸಿಜನ್ ಕೊಟ್ಟರು, ಆಂಟಿಬಯಾಟಿಕ್ ಕೊಟ್ಟರು, ವಾಸಿಯಾಯಿತು. ಒಣ ಕೆಮ್ಮು ಮಾತ್ರ ಆಗಾಗ ಬಂದು ಹೋಗುತ್ತಿದೆ.

ಈಗ ರುಮಟಾಲಜಿಸ್ಟ್ ಹೇಳುತ್ತಿರುವುದು, ಮಾತ್ರೆಗಳಿಂದ ಕಾಯಿಲೆ ಹತೋಟಿಗೆ ಬರುತ್ತಿಲ್ಲ, ಕೀಲುಗಳು ಸವೆಯುತ್ತಿವೆ, ಅಡಾಲಿಮುಮ್ಯಾಬ್ ಅನ್ನುವ ಬಯಾಲಜಿಕ್ ಇಂಜೆಕ್ಷನ್ ಶುರು ಮಾಡೋಣ ಅಂತ. ಅದಕ್ಕೆ ಮುಂಚೆ ಟೆಸ್ಟ್ ಮಾಡಿಸಿದರು. ಮಾಂಟೂ, ಅಂದರೆ ಚರ್ಮಕ್ಕೆ ಚುಚ್ಚಿ ಉಬ್ಬು ಅಳೆಯುವ ಟಿಬಿ ಟೆಸ್ಟ್, 14 ಮಿ.ಮೀ. ಬಂದಿದೆ. ಎದೆ ಎಕ್ಸ್‌ರೇ ಸರಿ ಇದೆ ಅಂದರು. ನಮ್ಮ ತಾತನಿಗೆ ಟಿಬಿ ಇತ್ತು, ಅಮ್ಮ ಚಿಕ್ಕವರಿದ್ದಾಗ ಅದೇ ಮನೆಯಲ್ಲೇ ಇದ್ದರು. ಆರು ತಿಂಗಳು ಐಎನ್‌ಎಚ್ (ಐಸೋನಿಯಾಜಿಡ್) ಅನ್ನುವ ಟಿಬಿ ಮಾತ್ರೆ ತಗೋಬೇಕು, ಒಂದು ತಿಂಗಳಾದ ಮೇಲೆ ಇಂಜೆಕ್ಷನ್ ಕೊಡಬಹುದು ಅಂತ ಹೇಳಿದ್ದಾರೆ.

ಮನೆಯಲ್ಲಿ ಇದೇ ದೊಡ್ಡ ಚರ್ಚೆ. ಒಂದು ಸಲ ನ್ಯುಮೋನಿಯಾ ಆಗಿದೆ, ಇನ್ನೂ ಜೋರಾದ ಮದ್ದು ಕೊಟ್ಟರೆ ಉಳಿಯುತ್ತಾಳಾ ಅಂತ ದೊಡ್ಡಮ್ಮ ಅಳುತ್ತಾರೆ. ಮಾವ ಎಲ್ಲಾ ಇಂಗ್ಲಿಷ್ ಮದ್ದು ಬಿಟ್ಟು ಅವರಿಗೆ ಗೊತ್ತಿರುವ ಒಬ್ಬರ ಹತ್ತಿರ ಪುಡಿ ತರೋಣ ಅನ್ನುತ್ತಿದ್ದಾರೆ, ಅದನ್ನು ತಗೊಂಡವರಿಗೆ ಮೂರೇ ದಿನದಲ್ಲಿ ನೋವು ಹೋಗಿದೆಯಂತೆ. ಅಮ್ಮ ಏನೂ ಮಾತಾಡುವುದಿಲ್ಲ, 'ನೀವೇ ನೋಡಿ' ಅಂದುಬಿಡುತ್ತಾರೆ.

ಇಂಥ ಇಂಜೆಕ್ಷನ್ ತಗೊಂಡವರು, ಮನೆಯವರಿಗೆ ಕೊಡಿಸಿದವರು ಯಾರಾದರೂ ಇದ್ದರೆ ಹೇಳಿ. ಟಿಬಿ ಪಾಸಿಟಿವ್ ಅಂದರೆ ಅಮ್ಮನಿಗೆ ಟಿಬಿ ಇದೆ ಅಂತಲಾ? ಇಂಜೆಕ್ಷನ್ ಬೇಡ ಅಂದುಬಿಡಬೇಕಾ?

---

ಹುಬ್ಬಳ್ಳಿ_ಟೀಚರ್

ಮೊದಲು ಒಂದು ಮಾತು ತಂಗಿ, ಮಾಂಟೂ ಪಾಸಿಟಿವ್ ಅಂದರೆ ಟಿಬಿ ಕಾಯಿಲೆ ಇದೆ ಅಂತ ಅಲ್ಲ. ಯಾವತ್ತೋ ಒಂದು ದಿನ ಆ ರೋಗಾಣು ಮೈಯೊಳಗೆ ಹೋಗಿದೆ, ಸುಮ್ನೆ ಮಲಗಿದೆ ಅಂತ ಹೆಚ್ಚಾಗಿ ಅರ್ಥ. ನನಗೂ ಪಾಸಿಟಿವ್ ಬಂದಿತ್ತು. ಆ ದಿನ ನಾನು ಕೂಡ ನಿಮ್ಮ ಹಾಗೇ ಹೆದರಿ ಮನೆಗೆ ಬಂದು ಯಾರ ಹತ್ತಿರವೂ ಹೇಳಲಿಲ್ಲ, ಶಾಲೆಯ ಮಕ್ಕಳಿಗೆ ನನ್ನಿಂದ ಹರಡಿಬಿಡುತ್ತದೇನೋ ಅನ್ನುವ ಚಿಂತೆ ಬೇರೆ. ಆಮೇಲೆ ಎದೆರೋಗದ ಡಾಕ್ಟರು ಕೂರಿಸಿಕೊಂಡು ಹೇಳಿದರು, ಮಲಗಿರುವ ಟಿಬಿ ಯಾರಿಗೂ ಹರಡುವುದಿಲ್ಲ ಅಂತ. ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ನಡೆದ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು 31% ಜನರ ಮೈಯಲ್ಲಿ ಟಿಬಿ ಸೋಂಕಿನ ಗುರುತು ಸಿಕ್ಕಿದೆ. ಅಂದರೆ ಮೂವರಲ್ಲಿ ಒಬ್ಬರು ಅಂತಲೇ ಇಟ್ಟುಕೊಳ್ಳಿ. ಅವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಟಿಬಿ ಬರುವುದೇ ಇಲ್ಲ.

ನಾನು ಐಎನ್‌ಎಚ್ ಪೂರ್ತಿ ಮುಗಿಸಿದೆ. ಜೊತೆಗೆ ಬಿ6 ಮಾತ್ರೆ ಕೊಡುತ್ತಾರೆ, ಅದನ್ನು ಬಿಡಬೇಡಿ, ಇಲ್ಲದಿದ್ದರೆ ಕಾಲು ಜುಮ್ಮೆನ್ನುವುದು, ಉರಿ ಶುರುವಾಗಬಹುದು. ಪ್ರತಿ ತಿಂಗಳು ಲಿವರ್ ಟೆಸ್ಟ್ ಮಾಡಿಸುತ್ತಿದ್ದೆ. ಒಂದು ತಿಂಗಳು ದಾಟಿದ ಮೇಲೆ ಅಡಾಲಿಮುಮ್ಯಾಬ್ ಶುರುವಾಯಿತು, ಎರಡು ವಾರಕ್ಕೊಮ್ಮೆ 40 ಮಿ.ಗ್ರಾಂ, ಹೊಟ್ಟೆಯ ಚರ್ಮಕ್ಕೆ ನಾನೇ ಚುಚ್ಚಿಕೊಳ್ಳುತ್ತೇನೆ. ಐದು ವರ್ಷದಿಂದ ತಗೊಳ್ಳುತ್ತಿದ್ದೇನೆ. ಟಿಬಿ ಬರಲಿಲ್ಲ. ಶುರುವಿನ ಚಳಿಗಾಲದಲ್ಲಿ ಒಂದು ಸಲ ಎದೆ ಕಟ್ಟಿ ಜ್ವರ ಬಂತು, ಆ ವಾರದ ಇಂಜೆಕ್ಷನ್ ನಿಲ್ಲಿಸಿ ಆಂಟಿಬಯಾಟಿಕ್ ಕೊಟ್ಟರು, ಸರಿಹೋದ ಮೇಲೆ ಮತ್ತೆ ಮುಂದುವರಿಸಿದೆ.

ಆದರೆ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಬೇರೆ. ಇಂಜೆಕ್ಷನ್ ಶುರುವಾದ ಮೇಲೆ ನನ್ನ ಸ್ಟೀರಾಯ್ಡ್ ಪೂರ್ತಿ ನಿಂತಿತು! ಅದಕ್ಕೆ ಮುಂಚೆ ವರ್ಷಗಟ್ಟಲೆ ತಗೊಂಡಿದ್ದೆ, ಮುಖ ಊದಿತ್ತು, ಶುಗರ್ ಬಂದಿತ್ತು, ಸಣ್ಣ ನೆಗಡಿಯೂ ಎದೆಗೆ ಇಳಿಯುತ್ತಿತ್ತು. ಇಂಜೆಕ್ಷನ್‌ಗೆ ಎಲ್ಲರೂ ಹೆದರುತ್ತಾರೆ. ದಿನಾ ನುಂಗುವ ಆ ಚಿಕ್ಕ ಬಿಳಿ ಮಾತ್ರೆಗೆ ಯಾರೂ ಹೆದರುವುದಿಲ್ಲ. ನಿಮ್ಮ ಅಮ್ಮನ ವಿಷಯದಲ್ಲಿ ನನಗೆ ಚಿಂತೆ ಆಗಿದ್ದು ಮುಂದೆ ಕೊಡುವ ಇಂಜೆಕ್ಷನ್ ಬಗ್ಗೆ ಅಲ್ಲ, ಈಗ ನಡೆಯುತ್ತಿರುವ ಆ 10 ಮಿ.ಗ್ರಾಂ ಬಗ್ಗೆ.

---

ಗದಗ_ಅಣ್ಣ

ಟೀಚರಮ್ಮ ಹೇಳಿದ್ದು ಸರಿ, ಆದರೂ ಇನ್ನೊಂದು ಕಡೆಯನ್ನೂ ಹೇಳಬೇಕು. ನಮ್ಮ ಕಾಕಾಗೆ ಟೆಸ್ಟ್ ಸರಿಯಾಗಿ ಮಾಡದೇ ಇನ್‌ಫ್ಲಿಕ್ಸಿಮ್ಯಾಬ್ ಅನ್ನುವ ಇದೇ ಥರದ ಬಯಾಲಜಿಕ್ ಕೊಟ್ಟಿದ್ದರು. ಎಲ್ಲಿ, ಯಾರು ಅಂತ ಬರೆಯುವುದಿಲ್ಲ. ಮೂರನೇ ಡೋಸ್ ಆದ ಮೇಲೆ ಸಂಜೆ ಸಂಜೆ ಜ್ವರ, ತೂಕ ಇಳಿಯಿತು, ಊಟ ಸೇರಲಿಲ್ಲ. ಕೆಮ್ಮು ಇರಲೇ ಇಲ್ಲ. ಕೆಮ್ಮಿಲ್ಲ ಅಂದಮೇಲೆ ಟಿಬಿ ಹೇಗೆ ಅಂತ ನಾವೂ ಸುಮ್ಮನಿದ್ದೆವು, ಮೊದಲು ನೋಡಿದ ಡಾಕ್ಟರೂ ಟೈಫಾಯ್ಡ್ ಅಂತ ಔಷಧಿ ಕೊಟ್ಟರು. ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗ ಗೊತ್ತಾಯಿತು, ಹೊಟ್ಟೆ ಟಿಬಿ. ಪೂರ್ತಿ ಚಿಕಿತ್ಸೆ ಆಗಿ ಈಗ ಚೆನ್ನಾಗಿದ್ದಾರೆ, ಆದರೆ ಮನೆಯವರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಹಾಗಾಗಿ ಟೆಸ್ಟ್ ಮಾಡಿಸಿ, ಐಎನ್‌ಎಚ್ ಕೊಟ್ಟು ಆಮೇಲೆ ಶುರು ಮಾಡೋಣ ಅನ್ನುವ ಡಾಕ್ಟರು ಸಿಕ್ಕಿದ್ದಾರೆ ಅಂದರೆ ನಿಮ್ಮ ಪುಣ್ಯ. ಅವಸರ ಮಾಡಿ ಆ ಒಂದು ತಿಂಗಳನ್ನು ಕಡಿಮೆ ಮಾಡಿಸಬೇಡಿ.

---

ಎದೆಗೂಡು_ಡಾಕ್ಟರ್

ನಾನು ಶ್ವಾಸಕೋಶ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಅಮ್ಮನನ್ನು ನಾನು ನೋಡಿಲ್ಲ, ಆದ್ದರಿಂದ ಕೊನೆಯ ತೀರ್ಮಾನ ನಿಮ್ಮ ಡಾಕ್ಟರದ್ದೇ. ಆದರೆ ಮುಂದಿನ ಸಲ ಅಲ್ಲಿಗೆ ಹೋದಾಗ ಏನು ಕೇಳಬೇಕು ಅನ್ನುವುದಕ್ಕೆ ಇದು ಉಪಯೋಗ ಆಗಬಹುದು.

ಗದಗದ ಅಣ್ಣ ಹೇಳಿದ ಕತೆ ಅಪರೂಪದ್ದಲ್ಲ. ಇನ್‌ಫ್ಲಿಕ್ಸಿಮ್ಯಾಬ್ ಬಳಕೆಗೆ ಬಂದ ಸ್ವಲ್ಪ ವರ್ಷಕ್ಕೆ, 2001ರಲ್ಲಿ, ಅಮೆರಿಕದ ತಜ್ಞರು ಆ ಮದ್ದು ತಗೊಂಡ ಮೇಲೆ ಟಿಬಿ ಬಂದ 70 ಜನರ ವಿವರ ಪ್ರಕಟಿಸಿದರು. ಅವರಲ್ಲಿ 48 ಜನಕ್ಕೆ ಮೂರು ಅಥವಾ ಅದಕ್ಕಿಂತ ಕಡಿಮೆ ಡೋಸ್‌ಗೇ ಕಾಯಿಲೆ ಬಂದಿತ್ತು. 40 ಜನರಲ್ಲಿ ಟಿಬಿ ಶ್ವಾಸಕೋಶದ ಆಚೆಗೂ ಇತ್ತು. ಹೊಟ್ಟೆ, ಗಂಟಲಿನ ಗ್ರಂಥಿ, ಬೆನ್ನುಮೂಳೆ ಹೀಗೆ ಎಲ್ಲಿ ಬೇಕಾದರೂ ಬರಬಹುದು. ಕೆಮ್ಮಿಲ್ಲದ ಜ್ವರವನ್ನೂ ಟಿಬಿ ಇರಬಹುದು ಅಂತ ನೋಡಬೇಕು ಅಂತ ನಾವು ಹೇಳುವುದು ಇದಕ್ಕೇ. ಮದ್ದಿಗೆ ಮುಂಚೆ ಎಲ್ಲರಿಗೂ ಟಿಬಿ ಟೆಸ್ಟ್ ಮಾಡುವ ರೂಢಿ ಗಟ್ಟಿಯಾಗಿದ್ದೇ ಆ ವರದಿಯ ನಂತರ.

ಯಾಕೆ ಹೀಗಾಗುತ್ತದೆ? ಟಿಬಿ ರೋಗಾಣು ಒಳಗೆ ಹೋದಾಗ ನಮ್ಮ ರಕ್ಷಣಾ ಕಣಗಳು ಅದರ ಸುತ್ತ ಬೇಲಿ ಕಟ್ಟಿ ಕೂರಿಸುತ್ತವೆ. ಆ ಬೇಲಿ ಬಿಗಿಯಾಗಿ ನಿಲ್ಲಲು ಟಿಎನ್‌ಎಫ್ ಅನ್ನುವ ಪ್ರೋಟೀನ್ ಬೇಕು. ಅದೇ ಟಿಎನ್‌ಎಫ್ ಆರ್‌ಎ ಇರುವವರ ಕೀಲಿನಲ್ಲಿ ಜಾಸ್ತಿಯಾಗಿ ಊತ ತರುತ್ತದೆ. ಅಡಾಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್ ಆ ಟಿಎನ್‌ಎಫ್ ಅನ್ನು ಕಟ್ಟಿಹಾಕುತ್ತವೆ. ಕೀಲು ಹಗುರ ಆಗುತ್ತದೆ, ಬೇಲಿ ಸಡಿಲ ಆಗುತ್ತದೆ.

ಆದರೆ ಎಲ್ಲ ಇಂಜೆಕ್ಷನ್ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ಇಂಥ ಮದ್ದು ತಗೊಳ್ಳುವವರ ದಾಖಲೆಯನ್ನು ವರ್ಷಗಟ್ಟಲೆ ಇಟ್ಟು 2010ರಲ್ಲಿ ಲೆಕ್ಕ ಕೊಟ್ಟರು. ಒಂದು ಲಕ್ಷ ಜನ ಒಂದು ವರ್ಷ ಮದ್ದು ತಗೊಂಡರೆ ಎಷ್ಟು ಜನಕ್ಕೆ ಟಿಬಿ ಅನ್ನುವ ಲೆಕ್ಕದಲ್ಲಿ ಟಿಎನ್‌ಎಫ್ ತಡೆಯುವ ಇನ್ನೊಂದು ಮದ್ದಾದ ಎಟನರ್ಸೆಪ್ಟ್‌ಗೆ 39, ಇನ್‌ಫ್ಲಿಕ್ಸಿಮ್ಯಾಬ್‌ಗೆ 136, ಅಡಾಲಿಮುಮ್ಯಾಬ್‌ಗೆ 144 ಬಂತು. ಅದು ಟಿಬಿ ಕಡಿಮೆ ಇರುವ ದೇಶ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ನಮ್ಮಲ್ಲಿ ಆ ಸಂಖ್ಯೆಗಳನ್ನು ಹಾಗೇ ಇಡಲು ಬರುವುದಿಲ್ಲ, ಆದರೆ ಯಾವುದು ಜಾಸ್ತಿ, ಯಾವುದು ಕಡಿಮೆ ಅನ್ನುವುದು ಗೊತ್ತಾಗುತ್ತದೆ. ರಿಟುಕ್ಸಿಮ್ಯಾಬ್, ಅಬಾಟಾಸೆಪ್ಟ್ ಅಂತ ಬೇರೆ ರೀತಿ ಕೆಲಸ ಮಾಡುವ ಮದ್ದುಗಳೂ ಇವೆ, ಅವುಗಳಲ್ಲಿ ಟಿಬಿ ಭಯ ಇನ್ನೂ ಕಡಿಮೆ. ರಿಟುಕ್ಸಿಮ್ಯಾಬ್‌ನಲ್ಲಿ ಬೇರೆ ತೊಂದರೆ ಇದೆ. ವರ್ಷಗಳು ಹೋದ ಹಾಗೆ ಪ್ರತಿಕಾಯಗಳ ಮಟ್ಟ ಇಳಿದು ಬ್ಯಾಕ್ಟೀರಿಯಾ ನ್ಯುಮೋನಿಯಾ ಪದೇ ಪದೇ ಬರಬಹುದು. ಅದಕ್ಕೆ ಮುಂಚೆ ಹೆಪಟೈಟಿಸ್ ಬಿ ಟೆಸ್ಟ್ ಕಡ್ಡಾಯ. ಟೊಫಾಸಿಟಿನಿಬ್ ಮಾತ್ರೆ ರೂಪದಲ್ಲಿ ಸಿಗುತ್ತದೆ, ಹಾಗಾಗಿ ಇಂಜೆಕ್ಷನ್‌ಗಿಂತ ಸೌಮ್ಯ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಟಿಬಿ ಅದರಲ್ಲೂ ಬರುತ್ತದೆ, ಸರ್ಪಸುತ್ತು ಇನ್ನೂ ಜಾಸ್ತಿ, ಅದಕ್ಕೂ ಇದೇ ಟೆಸ್ಟ್‌ಗಳು ಬೇಕು.

ಈಗ ನಿಮ್ಮ ಅಮ್ಮನ ವಿಷಯ. ಇಂಥ ಮದ್ದು ಶುರು ಮಾಡುವವರಲ್ಲಿ ಮಾಂಟೂ 5 ಮಿ.ಮೀ. ಇದ್ದರೂ ಪಾಸಿಟಿವ್ ಅಂತಲೇ ಲೆಕ್ಕ, ಯಾಕೆಂದರೆ ಸ್ಟೀರಾಯ್ಡ್ ಆ ಉಬ್ಬನ್ನು ಕುಗ್ಗಿಸುತ್ತದೆ. ಸ್ಟೀರಾಯ್ಡ್ ತಗೊಳ್ಳುತ್ತಿದ್ದೂ 14 ಬಂದಿದೆ. ಚಿಕ್ಕಂದಿನಲ್ಲಿ ಮನೆಯಲ್ಲೇ ಟಿಬಿ ಇತ್ತು. ಟಿಬಿ ಬಾರದಂತೆ ತಡೆ ಚಿಕಿತ್ಸೆ ಕೊಡುವುದು ಸರಿಯಾದ ತೀರ್ಮಾನ. ಟಿಬಿ ಲಸಿಕೆ ಬಿಸಿಜಿ ಹಾಕಿಸಿಕೊಂಡವರಿಗೂ ಮಾಂಟೂ ಉಬ್ಬಬಹುದು ಅಂತ ಯಾರಾದರೂ ಹೇಳಬಹುದು, ನಿಜ, ಅದಕ್ಕೆ ಇಗ್ರಾ ಅನ್ನುವ ರಕ್ತ ಪರೀಕ್ಷೆ ಇದೆ, ಬಿಸಿಜಿ ಅದನ್ನು ದಾರಿ ತಪ್ಪಿಸುವುದಿಲ್ಲ. ಆದರೆ ನಿಮ್ಮ ಅಮ್ಮನ ಹಿನ್ನೆಲೆ ನೋಡಿದರೆ ಬಿಸಿಜಿ ಹೆಸರು ಹೇಳಿ ತಡೆ ಚಿಕಿತ್ಸೆ ಕೈಬಿಡುವುದನ್ನು ನಾನು ಒಪ್ಪುವುದಿಲ್ಲ.

ತಡೆ ಚಿಕಿತ್ಸೆ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ. ದಿನಾ ಐಎನ್‌ಎಚ್ ಆರು ತಿಂಗಳು, ಇಲ್ಲವೇ ಐಎನ್‌ಎಚ್ ಜೊತೆ ರಿಫಾಪೆಂಟಿನ್ ವಾರಕ್ಕೊಮ್ಮೆ 12 ವಾರ. ಎರಡನೆಯದು ಬೇಗ ಮುಗಿಯುತ್ತದೆ, ಆದರೆ ರಿಫಾಪೆಂಟಿನ್ ಸ್ಟೀರಾಯ್ಡ್, ಟೊಫಾಸಿಟಿನಿಬ್ ಥರದ ಮದ್ದುಗಳ ಬಲ ಕುಗ್ಗಿಸುತ್ತದೆ, ಆದ್ದರಿಂದ ಯಾವುದು ಒಳ್ಳೆಯದು ಅಂತ ಇಬ್ಬರು ಡಾಕ್ಟರೂ ಮಾತಾಡಿಕೊಳ್ಳಬೇಕು. ಅಮ್ಮನಿಗೆ ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್ ಎರಡೂ ಇವೆ, ಮೂರನೆಯದಾಗಿ ಐಎನ್‌ಎಚ್ ಸೇರಿದರೆ ಲಿವರ್ ಮೇಲೆ ಭಾರ ಬೀಳುತ್ತದೆ. ಲೆಫ್ಲುನೊಮೈಡ್ ಇನ್ನೂ ಬೇಕಾ ಅಂತ ಖಂಡಿತ ಕೇಳಿ. ವಾಂತಿ, ಹಸಿವೇ ಇಲ್ಲದಿರುವುದು, ಮೂತ್ರ ಕಡು ಬಣ್ಣ, ಕಣ್ಣು ಹಳದಿ, ಇವುಗಳಲ್ಲಿ ಒಂದು ಕಂಡರೂ ಐಎನ್‌ಎಚ್ ನಿಲ್ಲಿಸಿ ಅವತ್ತೇ ತೋರಿಸಿ.

ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಆ ಒಣ ಕೆಮ್ಮು. ಕಳೆದ ಮಳೆಗಾಲದ ನ್ಯುಮೋನಿಯಾ ನಿಜಕ್ಕೂ ಸೋಂಕೇ ಆಗಿತ್ತಾ? ಆರ್‌ಎ ಕೀಲಿನ ಕಾಯಿಲೆ ಅಂತ ನಾವು ಅಂದುಕೊಂಡರೂ ಅದು ಶ್ವಾಸಕೋಶಕ್ಕೂ ಹೋಗುತ್ತದೆ, ಅಲ್ಲಿ ಗಾಯದ ಗಟ್ಟಿ ಕಲೆ ಬೆಳೆಯುತ್ತಾ ಹೋಗುತ್ತದೆ, ಅದನ್ನು ಐಎಲ್‌ಡಿ ಅನ್ನುತ್ತೇವೆ. ಮೆಥೊಟ್ರೆಕ್ಸೇಟ್‌ನಿಂದ ಅಪರೂಪಕ್ಕೆ ಶ್ವಾಸಕೋಶಕ್ಕೆ ಅಲರ್ಜಿ ಥರದ ಊತ ಬರುತ್ತದೆ. ಒಣ ಕೆಮ್ಮು, ಜ್ವರ, ಏದುಸಿರು, ನೋಡಲು ಥೇಟ್ ನ್ಯುಮೋನಿಯಾ. ಹೆಚ್ಚಾಗಿ ಮೊದಲ ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ, ಅಮ್ಮ ಎಷ್ಟೋ ವರ್ಷದಿಂದ ತಗೊಳ್ಳುತ್ತಿರುವುದರಿಂದ ಅದರ ಸಾಧ್ಯತೆ ಕಡಿಮೆ. ಐಎಲ್‌ಡಿ ಮಾತ್ರ ನೋಡಲೇಬೇಕು. ಸಾದಾ ಎಕ್ಸ್‌ರೇಯಲ್ಲಿ ಶುರುವಿನ ಐಎಲ್‌ಡಿ ಕಾಣುವುದಿಲ್ಲ. ಅದೇ ಎಕ್ಸ್‌ರೇಯಲ್ಲಿ ಸಣ್ಣ ಟಿಬಿ ಮಚ್ಚೆಯೂ ತಪ್ಪಿಹೋಗಬಹುದು. ಎಚ್‌ಆರ್‌ಸಿಟಿ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ) ಸ್ಕ್ಯಾನ್ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಿದ ಮೇಲೆಯೇ ಯಾವ ಇಂಜೆಕ್ಷನ್ ಅಂತ ತೀರ್ಮಾನ ಮಾಡಿ ಅಂತ ನನ್ನ ಸಲಹೆ. ಐಎಲ್‌ಡಿ ಇದ್ದರೆ ಟಿಎನ್‌ಎಫ್ ಮದ್ದಿನ ಬದಲು ರಿಟುಕ್ಸಿಮ್ಯಾಬ್ ಅಥವಾ ಅಬಾಟಾಸೆಪ್ಟ್ ಕಡೆ ಡಾಕ್ಟರು ಯೋಚಿಸಬಹುದು. ಕೆಮ್ಮು ಇರುವವರಿಗೆ ಕಫ ಪರೀಕ್ಷೆ ಮಾಡದೇ ಐಎನ್‌ಎಚ್ ಒಂದನ್ನೇ ಶುರು ಮಾಡಬಾರದು ಅನ್ನುವುದೂ ನೆನಪಿರಲಿ. ಒಳಗೆ ನಿಜವಾದ ಟಿಬಿ ಇದ್ದು ಒಂದೇ ಮದ್ದು ಕೊಟ್ಟರೆ ರೋಗಾಣು ಆ ಮದ್ದಿಗೆ ಬಗ್ಗದ ಹಾಗೆ ಆಗಿಬಿಡುತ್ತದೆ. ತರೀಕೆರೆಯಿಂದ ಶಿವಮೊಗ್ಗ ಹತ್ತಿರ, ಅಲ್ಲಿನ ಮೆಗ್ಗಾನ್ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಆಗುತ್ತದೆ.

ಸ್ಟೀರಾಯ್ಡ್ ಬಗ್ಗೆ ಟೀಚರಮ್ಮ ಹೇಳಿದ್ದಕ್ಕೆ ನನ್ನದೂ ಸಹಿ. ದಿನಕ್ಕೆ 5 ಮಿ.ಗ್ರಾಂ ಕೂಡ ವರ್ಷಗಟ್ಟಲೆ ತಗೊಂಡರೆ ಸೋಂಕಿನ ಅಪಾಯ ಸ್ವಲ್ಪ ಏರುತ್ತದೆ, 10 ದಾಟಿದರೆ ಇನ್ನೂ ಜಾಸ್ತಿ. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್‌ನಿಂದ ಸೋಂಕಿನ ಅಪಾಯ ಏರುವುದು ಕಡಿಮೆಯೇ. ಬಯಾಲಜಿಕ್‌ಗಳಲ್ಲಿ ಮೊದಲ ಆರು ತಿಂಗಳು ಅಪಾಯ ಜಾಸ್ತಿ, ಆಮೇಲೆ ಇಳಿಯುತ್ತದೆ. ಆರ್‌ಎ ಉರಿಯುತ್ತಲೇ ಇದ್ದರೆ ಅದೇ ಮೈಯ ತಡೆಶಕ್ತಿಯನ್ನು ತಿನ್ನುತ್ತದೆ. ಹಾಗಾಗಿ ಇಂಜೆಕ್ಷನ್ ಕೊಡುವುದಾ ಬಿಡುವುದಾ ಅನ್ನುವುದಕ್ಕಿಂತ, ಇಂಜೆಕ್ಷನ್ ಕೊಟ್ಟು ಸ್ಟೀರಾಯ್ಡ್ ಇಳಿಸಲು ಆಗುತ್ತದಾ ಅಂತ ಕೇಳಿ.

ಆ ಪುಡಿ ಮಾತ್ರ ಬೇಡವೇ ಬೇಡ. ಮೂರೇ ದಿನದಲ್ಲಿ ಆರ್‌ಎ ನೋವು ಹೋಯಿತು ಅಂದರೆ ಒಳಗೆ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ತುಂಬಾ ಇದೆ. ಲೇಬಲ್ ಇಲ್ಲದ ಇಂಥ ಪುಡಿ, ಗುಳಿಗೆಗಳಲ್ಲಿ ಎಷ್ಟೋ ಸಲ ಅದು ಸಿಕ್ಕಿದೆ. ಎಷ್ಟು ಮಿ.ಗ್ರಾಂ ಹೋಗುತ್ತಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

---

ಮಂಗಳೂರು_ಫಾರ್ಮಸಿಸ್ಟ್

ಡಾಕ್ಟರು ಎಲ್ಲ ಹೇಳಿದ್ದಾರೆ. ಮೆಡಿಕಲ್ ಶಾಪ್ ಕೌಂಟರಿನಲ್ಲಿ ನಿಂತು ನೋಡಿದ ಎರಡು ವಿಷಯ ಸೇರಿಸುತ್ತೇನೆ.

ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಇದು ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ, ಆದರೆ ಅದನ್ನೂ ಅದರ ಜೊತೆ ಕೊಡುವ ಫೋಲಿಕ್ ಆಸಿಡ್ ವಿಟಮಿನ್ ಮಾತ್ರೆಯನ್ನೂ ಅದಲು ಬದಲು ಮಾಡಿ ಮೆಥೊಟ್ರೆಕ್ಸೇಟನ್ನು ದಿನಾ ನುಂಗಿದವರು ಇದ್ದಾರೆ. ಎರಡೂ ಹಳದಿ ಬಣ್ಣದಲ್ಲಿ ಸಿಗುತ್ತವೆ, ಎರಡರಲ್ಲೂ 'ಫೋಲ್' ಅಂತ ಶುರುವಾಗುವ ಬ್ರ್ಯಾಂಡ್ ಹೆಸರುಗಳಿವೆ. ದಿನಾ ನುಂಗಿದರೆ ಬಿಳಿ ರಕ್ತಕಣ ಪಾತಾಳಕ್ಕೆ ಇಳಿಯುತ್ತದೆ, ಬಾಯಿ ತುಂಬಾ ಹುಣ್ಣಾಗುತ್ತದೆ, ಆ ಹೊತ್ತಿಗೆ ಬರುವ ನ್ಯುಮೋನಿಯಾ ಜೀವಕ್ಕೇ ಅಪಾಯ. ವಯಸ್ಸಾದವರು ತಾವೇ ಮಾತ್ರೆ ತಗೊಳ್ಳುವ ಮನೆಯಾದರೆ ದಯವಿಟ್ಟು ಆ ಸ್ಟ್ರಿಪ್ ಮೇಲೆ ದಪ್ಪ ಅಕ್ಷರದಲ್ಲಿ 'ಭಾನುವಾರ ಮಾತ್ರ' ಅಂತ ಬರೆದು ಬೇರೆ ಡಬ್ಬಿಯಲ್ಲಿಡಿ.

ಎರಡನೆಯದು, ಸೆಪ್ಟ್ರಾನ್ ಅಥವಾ ಬ್ಯಾಕ್ಟ್ರಿಮ್. ಕೋ-ಟ್ರೈಮಾಕ್ಸಜೋಲ್ ಅನ್ನುವ ಆಂಟಿಬಯಾಟಿಕ್ ಇದು. ಮೂತ್ರದ ಸೋಂಕಿಗೆ, ಕೆಮ್ಮಿಗೆ ಊರ ಕಡೆ ಸುಲಭವಾಗಿ ಬರೆದುಕೊಡುತ್ತಾರೆ. ಮೆಥೊಟ್ರೆಕ್ಸೇಟ್ ತಗೊಳ್ಳುವವರು ಇದನ್ನು ಸೇರಿಸಿಕೊಂಡರೆ ಮೂಳೆಮಜ್ಜೆ ಕೆಲಸ ನಿಲ್ಲಿಸಬಹುದು, ರಕ್ತಕಣಗಳೇ ತಯಾರಾಗದೆ ಇರಬಹುದು. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರೇ ಆಗಲಿ, 'ಅಮ್ಮ ಮೆಥೊಟ್ರೆಕ್ಸೇಟ್ ತಗೊಳ್ಳುತ್ತಾರೆ' ಅಂತ ಮೊದಲು ಹೇಳಿ. ಮೆಡಿಕಲ್ ಶಾಪ್‌ನಲ್ಲೂ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

---

ತರೀಕೆರೆ_ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ಇದನ್ನು ಪೂರ್ತಿ ದೊಡ್ಡಮ್ಮನಿಗೆ ಓದಿ ಹೇಳಿದೆ. ಪುಡಿಯ ವಿಷಯ ಮಾವನಿಗೆ ನೇರವಾಗಿ ಬೇಡ ಅಂದಿದ್ದೇನೆ, ಅವರಿಗೆ ಬೇಜಾರಾಗಿದೆ, ಇರಲಿ.

ಡಾಕ್ಟರ್ ಸರ್, ಎಚ್‌ಆರ್‌ಸಿಟಿ ಬಗ್ಗೆ ಅಮ್ಮನ ರುಮಟಾಲಜಿಸ್ಟ್‌ಗೆ ಫೋನ್ ಮಾಡಿ ಕೇಳಿದೆ. ಮಾಡಿಸಿ ಅಂದರು, ಕಫ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ. ಅವು ಬರುವವರೆಗೆ ಐಎನ್‌ಎಚ್ ಶುರು ಮಾಡುವುದು ಬೇಡ ಅಂತಲೂ ಹೇಳಿದರು. ಇನ್ನು ಮೂರು ಪ್ರಶ್ನೆ ಇದೆ. ವ್ಯಾಕ್ಸಿನ್ ಯಾವುದು ಹಾಕಿಸಬೇಕು, ಯಾವಾಗ? ಇನ್ನೊಂದು, ಊರಲ್ಲಿ ಗ್ಯಾಸ್ ಇದ್ದರೂ ಸ್ನಾನದ ನೀರಿಗೆ ಹಂಡೆ ಒಲೆಯೇ ಉರಿಸುತ್ತಾರೆ, ಬೆಳಗ್ಗೆ ಆ ಹೊಗೆಯಲ್ಲಿ ಕೂತಿರುತ್ತಾರೆ. ಅದು ಅಷ್ಟು ಮುಖ್ಯವಾ? ಮತ್ತೆ ನಾನು ಬೆಂಗಳೂರಲ್ಲಿ, ಅಮ್ಮ ಅಲ್ಲಿ. ಜ್ವರ ಬಂದರೆ ಏನು ಮಾಡಬೇಕು ಅಂತ ಅಪ್ಪನಿಗೆ ಬರೆದುಕೊಡಬೇಕು, ಅದನ್ನೂ ಹೇಳಿ.

---

ಎದೆಗೂಡು_ಡಾಕ್ಟರ್

ಹೊಗೆ ಮುಖ್ಯ. ಸೌದೆ ಹೊಗೆ ಶ್ವಾಸನಾಳದ ಒಳಪದರವನ್ನೇ ಹಾಳು ಮಾಡುತ್ತದೆ, ರೋಗಾಣುವನ್ನು ಹೊರಗೆ ತಳ್ಳುವ ಶಕ್ತಿ ಕಡಿಮೆ ಮಾಡುತ್ತದೆ. ಒಂದು ಗೀಸರ್ ಹಾಕಿಸಿ, ಆಗದಿದ್ದರೆ ಒಲೆ ಉರಿಸುವ ಕೆಲಸ ಬೇರೆಯವರು ಮಾಡಲಿ.

ವ್ಯಾಕ್ಸಿನ್‌ಗಳಲ್ಲಿ ಫ್ಲೂ ವರ್ಷಕ್ಕೊಮ್ಮೆ, ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹಾಕಿಸಿದರೆ ಒಳ್ಳೆಯದು. ಫ್ಲೂ ವ್ಯಾಕ್ಸಿನ್ ಆದ ಮೇಲೆ ಎರಡು ವಾರ ಮೆಥೊಟ್ರೆಕ್ಸೇಟ್ ನಿಲ್ಲಿಸಿದರೆ ಅದು ಚೆನ್ನಾಗಿ ಹಿಡಿಯುತ್ತದೆ, ಆದರೆ ಕಾಯಿಲೆ ಹತೋಟಿಯಲ್ಲಿದ್ದರೆ ಮಾತ್ರ ಹಾಗೆ ಮಾಡುವುದು, ಅಮ್ಮನಿಗೆ ಈಗ ಬೇಡ ಅನ್ನಬಹುದು, ಕೇಳಿ ನೋಡಿ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾಕ್ಕೆ ವ್ಯಾಕ್ಸಿನ್ ಹಾಕಿಸಲೇಬೇಕು. ಆ ರೋಗಾಣುವಿನ 13 ಬಗೆಗಳನ್ನು ತಡೆಯುವ ವ್ಯಾಕ್ಸಿನ್ ಮೊದಲು ಕೊಟ್ಟು ಎಂಟು ವಾರವಾದ ಮೇಲೆ 23 ಬಗೆಗಳನ್ನು ತಡೆಯುವುದನ್ನು ಕೊಡುವ ಪದ್ಧತಿ ಇದೆ. ಸರ್ಪಸುತ್ತಿಗೆ ಜೀವಂತ ವೈರಸ್ ಇಲ್ಲದ ವ್ಯಾಕ್ಸಿನ್ ಬಂದಿದೆ, ದುಬಾರಿ, ಆದರೆ ಟೊಫಾಸಿಟಿನಿಬ್ ಕಡೆ ಹೋಗುವುದಾದರೆ ಯೋಚಿಸಿ. ಜೀವಂತ ರೋಗಾಣು ಇರುವ ಯಾವ ವ್ಯಾಕ್ಸಿನ್ ಕೂಡ ಬೇಡ, ಬಿಸಿಜಿ ಸೇರಿ. ರಿಟುಕ್ಸಿಮ್ಯಾಬ್ ಕೊಡುವುದಾದರೆ ವ್ಯಾಕ್ಸಿನ್ ಅದಕ್ಕೆ ಕೆಲವು ವಾರ ಮುಂಚೆಯೇ ಆಗಬೇಕು, ಆಮೇಲೆ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ. ಈಗ ಸ್ಕ್ಯಾನ್‌ಗೆ ಕಾಯುವ ಸಮಯದಲ್ಲೇ ನ್ಯುಮೋಕಾಕಸ್ ಹಾಕಿಸಿಬಿಡಿ.

ಅಪ್ಪನಿಗೆ ಹೀಗೆ ಬರೆದುಕೊಡಿ. ಮೈ ಬಿಸಿ 100.4 ಡಿಗ್ರಿ ದಾಟಿದರೆ, ಅಥವಾ ಜ್ವರ ಇಲ್ಲದಿದ್ದರೂ ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಜಾಸ್ತಿ ಏದುಸಿರು ಬಂದರೆ, ಅವತ್ತೇ ಡಾಕ್ಟರಿಗೆ ಫೋನ್. ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಎಷ್ಟೋ ಸಲ ಜ್ವರ ಏರುವುದೇ ಇಲ್ಲ, ಸುಸ್ತು ಮಾತ್ರ ಇರುತ್ತದೆ. ಮುಂದೆ ಟೊಸಿಲಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಏನಾದರೂ ಬಂದರೆ ಇನ್ನೂ ಎಚ್ಚರ, ಅದರಲ್ಲಿ ಸೋಂಕು ಇದ್ದರೂ ಸಿಆರ್‌ಪಿ (ಉರಿಯೂತ ಹೇಳುವ) ರಕ್ತ ಪರೀಕ್ಷೆ ಸರಿ ಅಂತಲೇ ತೋರಿಸಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿರಲಿ. ಕೂತಾಗ ನೋಡಿದರೆ ಸಾಲದು, ಅಂಗಳದಲ್ಲಿ ಆರು ನಿಮಿಷ ನಡೆಸಿ ನೋಡಿ. ನಡೆದಾಗ 4 ಅಂಕ ಇಳಿದರೆ ಅಥವಾ 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಹೋಗಬೇಕು. ನ್ಯುಮೊಸಿಸ್ಟಿಸ್ ಅನ್ನುವ ಒಂದು ಬಗೆಯ ಶಿಲೀಂಧ್ರ ನ್ಯುಮೋನಿಯಾ ಇದೆ, ತಡೆಶಕ್ತಿ ಕುಗ್ಗಿದವರಿಗೆ ಬರುತ್ತದೆ, ಅದರಲ್ಲಿ ಎಷ್ಟೋ ಸಲ ಎದೆಗೆ ಸ್ಟೆತ್ ಇಟ್ಟರೆ ಏನೂ ಕೇಳಿಸುವುದಿಲ್ಲ, ಶುರುವಿನಲ್ಲಿ ನಡೆದಾಗ ಮಾತ್ರ ಆಕ್ಸಿಜನ್ ಬೀಳಬಹುದು.

ಜ್ವರ ಬಂದ ದಿನ ಇಂಜೆಕ್ಷನ್ ಚುಚ್ಚಬಾರದು. ಮೆಥೊಟ್ರೆಕ್ಸೇಟ್ ಕೂಡ ಡಾಕ್ಟರು ಹೇಳುವವರೆಗೆ ತಡೆದಿಡಿ. ಆದರೆ ಸ್ಟೀರಾಯ್ಡ್ ಮಾತ್ರ ಥಟ್ ಅಂತ ನಿಲ್ಲಿಸಬಾರದು, ಇದಕ್ಕೆ ಅಡಿಗೆರೆ ಎಳೆಯಿರಿ. ವರ್ಷಗಟ್ಟಲೆ ತಗೊಂಡವರ ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಜ್ವರದ ಮಧ್ಯೆ ನಿಲ್ಲಿಸಿದರೆ ಬಿಪಿ ಕುಸಿಯುತ್ತದೆ. ವಾಂತಿಯಾಗಿ ಮಾತ್ರೆ ಉಳಿಯದಿದ್ದರೆ ಇಂಜೆಕ್ಷನ್ ಮೂಲಕ ಕೊಡಬೇಕು, ಅದನ್ನು ಎಮರ್ಜೆನ್ಸಿಯಲ್ಲಿ ಹೇಳಿ.

ಎಲ್ಲ ಮದ್ದಿನ ಹೆಸರು, ಡೋಸ್, ಮಾಂಟೂ ಬಂದ ತಾರೀಖು ಒಂದು ಹಾಳೆಯಲ್ಲಿ ಬರೆದು ಅಪ್ಪನ ಜೇಬಿನಲ್ಲಿಡಿ. ಐಎನ್‌ಎಚ್ ಮುಗಿದ ಮೇಲೂ ಮಾಂಟೂ ಪಾಸಿಟಿವ್ ಆಗಿಯೇ ಇರುತ್ತದೆ, ಯಾರಾದರೂ ಮತ್ತೆ ಟೆಸ್ಟ್ ಮಾಡಿ ಹೆದರಿಸಿದರೆ ಆ ಹಾಳೆ ತೋರಿಸಿ. ಆದರೆ ಒಂದು ಸಲ ತಡೆ ಚಿಕಿತ್ಸೆ ಆಯಿತು ಅಂತ ಟಿಬಿ ಬರುವುದೇ ಇಲ್ಲ ಅಂತಲ್ಲ, ನಮ್ಮ ದೇಶದಲ್ಲಿ ಹೊಸದಾಗಿಯೂ ತಗುಲಬಹುದು. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆ ಮತ್ತೆ ಮಾಡಿಸಬೇಕು.

ಸ್ಕ್ಯಾನ್ ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕಿ, ಹೆಸರು ಮತ್ತು ಆಸ್ಪತ್ರೆ ನಂಬರ್ ಮುಚ್ಚಿ.

---

ಹುಬ್ಬಳ್ಳಿ_ಟೀಚರ್

ತಂಗಿ, ಐಎನ್‌ಎಚ್ ಶುರುವಾದ ಮೇಲೆ ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಡಾಕ್ಟರನ್ನು ಕೇಳಿ ರಾತ್ರಿ ಮಲಗುವಾಗ ಕೊಡಿ, ನನಗೆ ಹಾಗೆ ಹೊಂದಿಕೊಂಡಿತು. ಅಡಾಲಿಮುಮ್ಯಾಬ್ ತರಿಸುವುದಾದರೆ ಫ್ರಿಜ್‌ನ ನಡು ತಟ್ಟೆಯಲ್ಲಿಡಿ, ಫ್ರೀಜರ್ ಹತ್ತಿರ ಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಳಸಬಾರದು. ತರೀಕೆರೆಯಲ್ಲಿ ಕರೆಂಟ್ ಹೋಗುವುದು ಜಾಸ್ತಿ ಇದ್ದರೆ ಒಂದೊಂದೇ ತರಿಸಿ, ತಿಂಗಳಿಗಾಗುವಷ್ಟು ಒಟ್ಟಿಗೆ ಬೇಡ. ಅಮ್ಮನಿಗೆ ಮಾತಾಡಬೇಕು ಅನಿಸಿದರೆ ನನಗೆ ಇಲ್ಲೇ ಮೆಸೇಜ್ ಹಾಕಿ, ನಂಬರ್ ಕೊಡುತ್ತೇನೆ, ಸಂಜೆ ಶಾಲೆ ಬಿಟ್ಟ ಮೇಲೆ ಯಾವತ್ತು ಬೇಕಾದರೂ ಫೋನ್ ಮಾಡಲಿ.